ಆರಲಿ ಬಿಡು

ನಮ್ಮ ಮನೆಯಲ್ಲಿ ಹಲ್ಲು ಕಡಿಯುವ ಸದ್ದು ಕೇಳಿಸಿತೆಂದರೆ ನಾನು ಮಾಡುತ್ತಿರುವ ಕೆಲಸ ಅಲ್ಲೇ ಬಿಟ್ಟು ತಿರುಗಿ ನೋಡುತ್ತೇನೆ. ಒಲೆಯ ಮೇಲೆ ಹಾಲಿದ್ದರೆ ಉಕ್ಕಿ ಹೋಗಲಿ. ಉಕ್ಕಿದ ಹಾಲನ್ನು ಒರೆಸಿಕೊಳ್ಳಬಹುದು. ನಮ್ಮವರ ಸಿಟ್ಟು ಉಕ್ಕಿದರೆ ಯಾವ ಬಟ್ಟೆಯಿಂದ ಒರೆಸಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮದು ಹಲ್ಲು ಕಟ್ಟುವ ಕೆಲಸ. ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳುತ್ತಾರೆ, ಬಾಯಿಯ ಅಚ್ಚು ತೆಗೆದು ನಮಗೆ ಕಳಿಸುತ್ತಾರೆ, ನಾವು ಆ ಅಚ್ಚಿನ ಮೇಲೆ ಹೊಸ ಸೆಟ್ಟು ಮಾಡಿಕೊಡುತ್ತೇವೆ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಗೆ ಒತ್ತಿಕೊಂಡು ಉದ್ದನೆಯ ಮೇಜು, ಅದರ ಮೇಲೆ ಗ್ಯಾಸಿನ ದೀಪ, ಗುಲಾಬಿ ಬಣ್ಣದ ಮೇಣದ ಹಾಳೆಗಳು, ಮೂಲೆಯಲ್ಲಿ ಪಾಲಿಶ್ ಮೋಟಾರು. ಗೋಡೆಯ ಹಲಗೆಗಳ ತುಂಬ ಊರಿನವರ ದವಡೆಗಳೆಲ್ಲ ಪ್ಲಾಸ್ಟರಿನಲ್ಲಿ ಬಾಯಿ ತೆರೆದುಕೊಂಡು ಕೂತಿವೆ. ಬೀದಿಯಲ್ಲಿ ಯಾರಾದರೂ ನನ್ನನ್ನು ನೋಡಿ ಬಾಯಿ ತುಂಬ ನಕ್ಕರೆ ಅದು ನನ್ನ ಮೇಲಿನ ವಿಶ್ವಾಸವೋ ಸೆಟ್ಟಿನ ಪ್ರದರ್ಶನವೋ ಗೊತ್ತಾಗುವುದಿಲ್ಲ. ನಮ್ಮವರನ್ನು ಬೀದಿಯವರು ಹಲ್ಲಪ್ಪ ಎನ್ನುತ್ತಾರೆ. ಮಗಳಿಗೆ ಮುಂದಿನ ಹಾಲುಹಲ್ಲು ಬಿದ್ದ ಮೇಲೆ ಹೊಸವು ಬರಲು ಬಹಳ ತಡವಾಯಿತು. ಹಲ್ಲಪ್ಪನ ಮಗಳೇ ಬೊಚ್ಚಿ ಎಂದು ಎಲ್ಲರೂ ನಕ್ಕರು. ಈಗ ಬಾಯಿ ತುಂಬ ಹಲ್ಲಿದೆ, ಹೆಸರು ಮಾತ್ರ ಬೊಚ್ಚಿಯೇ ಉಳಿದಿದೆ.

ಮೇಜಿನ ಎದುರಿನ ಗೋಡೆಯ ಮೇಲೆ ಒಂದು ಗಟ್ಟಿ ಕಲೆ ಇತ್ತು. ಎರಡು ಬೇಸಿಗೆಗಳ ಹಿಂದೆ ಒಂದು ಸೆಟ್ಟು ಪಾಲಿಶ್ ಮೋಟಾರಿಗೆ ಸಿಕ್ಕಿ, ಹಾರಿ, ಚೂರಾಯಿತು. ನಮ್ಮವರು ಪಕ್ಕದಲ್ಲಿ ಕಲಸಿಟ್ಟಿದ್ದ ಪ್ಲಾಸ್ಟರನ್ನು ಪಿಂಗಾಣಿ ಬಟ್ಟಲಿನ ಸಮೇತ ಎತ್ತಿ ಗೋಡೆಗೆ ಅಪ್ಪಳಿಸಿದರು. ಪ್ಲಾಸ್ಟರು ಗೋಡೆಗೆ ಅಂಟಿಕೊಂಡಿತು. ಬಟ್ಟಲಿನ ಒಂದು ಚೂರು ಬೊಚ್ಚಿಯ ಹುಬ್ಬನ್ನು ಸೀಳಿತು. ಅವಳು ಅಳಲೂ ಇಲ್ಲ. ಅಪ್ಪನನ್ನೇ ನೋಡುತ್ತಾ ನಿಂತಿದ್ದಳು, ರಕ್ತ ಕೆನ್ನೆಯ ಮೇಲೆ ಇಳಿಯುತ್ತಿತ್ತು.

ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ನಾನು ಕೂಗಾಡಲಿಲ್ಲ. ನಾನೇನು ಬಾಯಿ ಸತ್ತವಳಲ್ಲ, ಈ ಬೀದಿಗೆಲ್ಲ ಗೊತ್ತಿರುವ ವಿಷಯ. ಆದರೆ ಆವತ್ತು ಮೆತ್ತಗೆ ಹೇಳಿದೆ. "ಇನ್ನೊಂದ್ ಸಲ ಈ ಮನೇಲಿ ಏನಾದ್ರೂ ಗೋಡೆಗೆ ಹೋಯ್ತು ಅಂದ್ರೆ ನಾನು ಬೊಚ್ಚೀನ ಕರ್ಕೊಂಡು ನಮ್ಮಕ್ಕನ ಮನೆಗೆ ಹೋಗ್ತೀನಿ. ಕರೆಯೋಕೆ ಬರ್ಬೇಡಿ." ಇಬ್ಬರಿಗಾಗುವಷ್ಟು ಬಟ್ಟೆ ಒಂದು ಚೀಲಕ್ಕೆ ತುಂಬಿ ಬೀರುವಿನ ಪಕ್ಕದಲ್ಲಿಟ್ಟೆ. ಹೆದರಿಸಲು ಇಟ್ಟ ಚೀಲವಲ್ಲ ಅದು. ಬೊಚ್ಚಿ ಉದ್ದವಾದ ಹಾಗೆಲ್ಲ ಒಳಗಿನ ಅವಳ ಬಟ್ಟೆ ತೆಗೆದು, ದೊಡ್ಡ ಅಳತೆಯದು ಇಡುತ್ತಾ ಬಂದಿದ್ದೆ. ನಮ್ಮವರು ಅದನ್ನೂ ನೋಡಿದ್ದರು.

ಆಮೇಲೆ ಅವರು ದನಿ ಎತ್ತಲಿಲ್ಲ. ನೆಂಟರೆಲ್ಲ ಭೇಷ್ ಎಂದರು. ಹಲ್ಲಪ್ಪ ಬದಲಾಗಿಬಿಟ್ಟ, ಹಸುವಾಗಿಬಿಟ್ಟ ಎಂದರು. ಹಸುವಿನ ಜೊತೆ ಒಂದೇ ಸೂರಿನಡಿ ಇರುವವಳು ನಾನು. ಕೆಲಸ ಕೆಟ್ಟ ದಿನ ಅವರು ಮಧ್ಯಾಹ್ನದ ಊಟ ಮಾಡುತ್ತಿರಲಿಲ್ಲ. ತಮಗೆ ತಾವೇ ಕೊಟ್ಟುಕೊಳ್ಳುವ ಶಿಕ್ಷೆ. ಗೋಡೆಯ ಕಲೆಯನ್ನು ಕೆರೆಯಲು ಹೋದರೆ, "ಇರ್ಲಿ, ಮುಟ್ಬೇಡ. ನಾನು ದಿನಾ ನೋಡ್ಬೇಕು ಅದನ್ನ" ಎನ್ನುತ್ತಿದ್ದರು. ಒಬ್ಬರೇ ಇದ್ದೇನೆ ಅಂದುಕೊಂಡಾಗ ಬಾಯೊಳಗೇ ಒಂದು ಮಾತು: "ಕೈಲಾಗದವನೇ." ಅದು ನಮ್ಮ ಮಾವನವರ ಮಾತು. ಕೆಲಸ ಕಲಿಸಿದವರು ಅವರೇ, ಮಗನ ಕೈಯಲ್ಲಿ ಒಂದು ಹಲ್ಲು ಕೂದಲೆಳೆಯಷ್ಟು ಓರೆಯಾದರೂ ಅದೇ ಮಾತನ್ನು ಮುಖಕ್ಕೆ ಎಸೆಯುತ್ತಿದ್ದವರೂ ಅವರೇ. ಮಾವ ತೀರಿಹೋದರು, ಮಾತು ತೀರಲಿಲ್ಲ.

ಅದರ ಜೊತೆಗೆ ಹಲ್ಲು ಕಡಿಯುವುದು. ಕಿರ್, ಕಿರ್ ಎಂದು, ಮರಳಿನ ಮೇಲೆ ಕುರ್ಚಿ ಎಳೆದ ಹಾಗೆ. ಒಮ್ಮೆ ಡಾಕ್ಟರಮ್ಮ ಅವರ ಬಾಯಿ ತೆಗೆಸಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಇವು ನಲವತ್ತರ ಹಲ್ಲಲ್ಲಮ್ಮ, ಎಪ್ಪತ್ತರದ್ದು. ನಿಮ್ಮವರು ಸಿಟ್ಟು ಬಿಟ್ಟಿದ್ದಾರೆ ಅಂದ್ಕೊಂಡಿದೀರಾ? ಬಿಟ್ಟಿಲ್ಲ. ಅಗೀತಿದ್ದಾರೆ." ಊರಿಗೆಲ್ಲ ಹಲ್ಲು ಕಟ್ಟುವವರು ತಮ್ಮ ಹಲ್ಲನ್ನು ತಾವೇ ತಿನ್ನುತ್ತಿದ್ದರು. ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಇಷ್ಟೆಲ್ಲ ಇದ್ದರೂ ಅವರಿಗೆ ಇನ್ನೊಂದು ದನಿ ಇದೆ ಅನ್ನುವುದೇ ನನ್ನ ಸಂಕಟ. ಹೊಸ ಸೆಟ್ಟು ಹಾಕಿಕೊಂಡ ಅಜ್ಜಿಯರು ಬಾಯಿ ಆಡಿಸಲಾಗದೆ ಅಳುತ್ತಾ ಬರುತ್ತಾರೆ. "ನನ್ ಹಣೆಬರಹ, ಒಂದ್ ತುತ್ತು ತಿನ್ನೋಕೂ ಬರಲ್ಲ ನಂಗೆ" ಎಂದು ತಮ್ಮನ್ನೇ ಶಪಿಸಿಕೊಳ್ಳುತ್ತಾರೆ. ಆಗ ನಮ್ಮವರು ಮಂಡಿಯೂರಿ ಕೂತು ಹೇಳುವುದನ್ನು ಕೇಳಬೇಕು. "ಬೈಕೋಬೇಡಿ ಅಜ್ಜಿ. ನಾಲಿಗೆಗೂ ಹೊಸದು, ವಸಡಿಗೂ ಹೊಸದು. ಕಚ್ಕೊಳ್ಳುತ್ತೆ, ಜಾರತ್ತೆ. ಮೆತ್ತನೆ ತುತ್ತಿಂದ ಶುರು ಮಾಡಿ." ಆ ದನಿಯಲ್ಲಿ ಒಂದು ಚಮಚದಷ್ಟು ಮನೆಯ ಒಳಗೆ ಬಂದಿದ್ದರೆ ಸಾಕಿತ್ತು ಎಂದು ಪರದೆಯ ಹಿಂದೆ ನಿಂತು ಎಷ್ಟು ಸಲ ಅಂದುಕೊಂಡಿದ್ದೇನೋ.

ಆ ಶನಿವಾರ ಬೆಳಿಗ್ಗೆ ಒಲೆಯ ಮೇಲೆ ಕುದಿಯುತ್ತಿದ್ದದ್ದು ಅನೌನ್ಸರ್ ಅಜ್ಜನ ಸೆಟ್ಟು. ಅಜ್ಜ ರೈಲ್ವೆ ನಿಲ್ದಾಣದಲ್ಲಿ ಯಾವ ಗಾಡಿ ಎಲ್ಲಿ ಬರುತ್ತದೆಂದು ಮೈಕಿನಲ್ಲಿ ಹೇಳಿ ಹೇಳಿ ನಿವೃತ್ತರಾದವರು. ಆ ಸಂಜೆ ಅವರ ಮೊಮ್ಮಗಳ ಮದುವೆ. ತುಂಬಿದ ಸಭೆಯಲ್ಲಿ ಹರಸಿ ನಾಲ್ಕು ಮಾತಾಡಬೇಕು. ಮೇಲಿನ ಹಲ್ಲು ಒಂದೂ ಇಲ್ಲದ್ದರಿಂದ ಅವರ ಬಾಯಲ್ಲಿ 'ಸ' ಎಲ್ಲ 'ಹ' ಆಗಿತ್ತು. ಅಳತೆ ಕೊಡಲು ಬಂದಾಗ ಅವರೇ ಹೇಳಿದ್ದರು: "ಹುಖ ಹಂಹಾರ ಮಾಡಮ್ಮಾ ಅಂದ್ರೆ ಹಂಹಾರ ಮಾಡು ಅಂದ ಹಾಗೆ ಕೇಳ್ಹುತ್ತೆ. ಬೀಗರು ಓಡಿಹೋಗ್ತಾರೆ." ಸುಖ ಸಂಸಾರ ಹೋಗಿ ಸಂಹಾರವಾಗುವುದನ್ನು ಕೇಳಿ ಬೊಚ್ಚಿ ನೆಲದ ಮೇಲೆ ಉರುಳಿ ನಕ್ಕಿದ್ದಳು. ನಮ್ಮವರೂ ನಕ್ಕಿದ್ದರು.

ಮೇಣದ ಮೇಲೆ ಹಲ್ಲು ಕೂರಿಸಿ, ಅಜ್ಜನ ಬಾಯಲ್ಲಿಟ್ಟು ನೋಡಿ, ಸರಿ ಎಂದು ಒಪ್ಪಿಯೂ ಆಗಿತ್ತು. ಹಿಂದಿನ ದಿನವೇ ಬೇಯಿಸಬಹುದಿತ್ತು. ಆದರೆ ನಮ್ಮವರಿಗೆ ಒಂದು ಹಲ್ಲು ಓರೆ ಕಂಡಿತು. ನನಗೆ ಕಾಣಲಿಲ್ಲ, ಡಾಕ್ಟರಮ್ಮನಿಗೂ ಕಂಡಿರಲಿಲ್ಲ. "ಕೈಲಾಗದವನೇ" ಎಂದು ಬಾಯೊಳಗೇ ಅಂದುಕೊಳ್ಳುತ್ತಾ ಅದನ್ನು ಕಿತ್ತು ಕೂರಿಸಿ, ಕಿತ್ತು ಕೂರಿಸಿ, ಇಡೀ ದಿನ ಕಳೆದರು. ಕೆಲಸ ಶನಿವಾರಕ್ಕೆ ಬಂದು ನಿಂತಿತು.

ಈ ಕೆಲಸದಲ್ಲಿ ಒಂದು ಮಾತನ್ನು ನಾವು ದಿನಕ್ಕೆ ಎಷ್ಟು ಸಲ ಆಡುತ್ತೇವೋ ಲೆಕ್ಕವಿಲ್ಲ. ಹಲ್ಲಿನ ಅಚ್ಚನ್ನು ಹಿತ್ತಾಳೆಯ ಡಬ್ಬಿಯೊಳಗೆ ಪ್ಲಾಸ್ಟರಿನಲ್ಲಿ ಹೂತು, ಮೇಣ ಕರಗಿಸಿ ತೆಗೆದ ಜಾಗಕ್ಕೆ ವಸಡಿನ ಬಣ್ಣದ ಗುಲಾಬಿ ಪುಡಿ ಕಲಸಿ ತುಂಬಿ, ಕಬ್ಬಿಣದ ಕ್ಲಾಂಪಿನಿಂದ ಬಿಗಿದು ನೀರಿನಲ್ಲಿ ಕುದಿಸುತ್ತೇವೆ. ಕುದಿದ ಮೇಲೆ ಡಬ್ಬಿಯನ್ನು ಅದರ ಪಾಡಿಗೆ ಬಿಡಬೇಕು. ಬಿಸಿಯಲ್ಲಿ ಬಿಚ್ಚಿದರೆ ಸೆಟ್ಟು ಸೊಟ್ಟಗಾಗುತ್ತದೆ, ಇಲ್ಲವೇ ಸೀಳುತ್ತದೆ. ಬಿಗಿದದ್ದು ಎಷ್ಟು ಗಟ್ಟಿಯಿದ್ದರೂ ಅಷ್ಟೇ. ಅದಕ್ಕೇ ಯಾರು ಡಬ್ಬಿಯ ಹತ್ತಿರ ಹೋದರೂ ಇನ್ನೊಬ್ಬರು "ಆರಲಿ ಬಿಡು" ಎನ್ನುವುದು. ಬೊಚ್ಚಿ 'ಅಪ್ಪ', 'ಅಮ್ಮ' ಅನ್ನಲು ಕಲಿತ ಮೇಲೆ ಕಲಿತ ಮಾತು ಅದೇ.

ಬೆಳಿಗ್ಗೆಯಿಂದ ಅಜ್ಜನ ಮಗಳ ಫೋನಿನ ಮೇಲೆ ಫೋನು. ಆಯ್ತಾ, ಆಯ್ತಾ, ಅಪ್ಪ ಈಗಲೇ ಹೊರಟು ನಿಂತಿದ್ದಾರೆ. ನಮ್ಮವರು ಡಬ್ಬಿಯನ್ನು ಕುದಿನೀರಿನಿಂದ ತೆಗೆದು ನೇರ ತಣ್ಣೀರಿಗೆ ಇಳಿಸಿದರು. ಚುಂಯ್ ಎಂದಿತು.

"ರೀ, ಆರಲಿ ಬಿಡಿ" ಎಂದೆ.

"ಗೊತ್ತು."

"ಇನ್ನೂ ಹಬೆ ಬರ್ತಿದೆ."

"ಗೊತ್ತು ಅಂದ್ನಲ್ಲ. ನೀನು ನನಗೆ ಕೆಲಸ ಹೇಳ್ಕೊಡ್ಬೇಡ."

ಕ್ಲಾಂಪು ತಿರುಗಿಸಿದರು. ಡಬ್ಬಿ ಹಿಡಿದ ಬಟ್ಟೆಯಿಂದ ಹಬೆ ಏಳುತ್ತಿತ್ತು. ಸಣ್ಣ ಸುತ್ತಿಗೆಯಿಂದ ಪ್ಲಾಸ್ಟರನ್ನು ತಟ್ಟತೊಡಗಿದರು. ಟಕ್, ಟಕ್. ಆಮೇಲೆ ಬಂದ ಸದ್ದು ಪ್ಲಾಸ್ಟರಿನದಲ್ಲ. ಈ ಮನೆಗೆ ಬಂದ ಮೇಲೆ ಆ ಸದ್ದಿನ ಗುರುತು ನನಗೂ ಇದೆ. ಪ್ಲಾಸ್ಟರನ್ನು ಬಿಡಿಸಿ ತೆಗೆದಾಗ ಅಜ್ಜನ ಮೇಲಿನ ಸೆಟ್ಟು ಅವರ ಅಂಗೈಯಲ್ಲಿ ಎರಡು ಹೋಳಾಗಿ ಕೂತಿತ್ತು. ಮುಂದಿನ ಎರಡು ಹಲ್ಲುಗಳ ನಡುವೆ ನೇರ ಸೀಳು.

"ನಾನು ಮೊದಲೇ ಹೇಳಿದ್ದೆ" ಅನ್ನುವುದು ನಾಲಿಗೆಯ ತುದಿಗೆ ಬಂತು. ನಮ್ಮ ಮನೆಯಲ್ಲಿ ಸುತ್ತಿಗೆಗಿಂತ ಅಪಾಯದ ಮಾತು ಅದು. ನುಂಗಿಕೊಂಡೆ. ಗಂಟಲಲ್ಲಿ ಗೀರಿಕೊಂಡೇ ಇಳಿಯಿತು.

ನಮ್ಮವರ ಎಡಗೈಯಲ್ಲಿ ಎರಡು ಹೋಳು, ಬಲಗೈಯಲ್ಲಿ ಸುತ್ತಿಗೆ. ಕುತ್ತಿಗೆಯ ನರ ಎದ್ದಿತ್ತು. ದವಡೆ ಕಲ್ಲಾಗಿತ್ತು. ಕಣ್ಣು ಒಮ್ಮೆ ಗೋಡೆಯ ಕಲೆಯ ಮೇಲೆ ಹೋಗಿ ಬಂತು. ಕಲೆಯನ್ನು ದಿನಾ ನೋಡಿದರೆ ಬುದ್ಧಿ ಬರುತ್ತದೆ ಅನ್ನುವುದು ಅವರ ಲೆಕ್ಕ. ನನಗೆ ಯಾವತ್ತೂ ಹಾಗೆ ಕಾಣಿಸಿರಲಿಲ್ಲ. ಅದನ್ನು ನೋಡಿದಾಗೆಲ್ಲ ಅವರ ಉಸಿರು ಜೋರಾಗುತ್ತಿತ್ತು.

"ಜೋಡಿಸ್ಬಹುದಲ್ವಾ?" ಎಂದೆ, ಆದಷ್ಟು ಮೆತ್ತಗೆ.

"ಒಡೆದ ಸೆಟ್ಟನ್ನ ಹೊಸದು ಅಂತ ಕೊಡ್ಲಾ? ನಮ್ಮಪ್ಪ ಇದ್ದಿದ್ರೆ ಈ ಕೈ ಕಡೀತಿದ್ರು."

"ಅವರಿಲ್ಲ ಈಗ."

"ಪುಡೀನೇ ಸರಿ ಇಲ್ಲ. ನೀರು ಸರಿ ಇಲ್ಲ. ಫೋನ್ ಮೇಲೆ ಫೋನು, ಮನುಷ್ಯ ಏನ್ ಮಾಡ್ಬೇಕು?" ಆಮೇಲೆ ಬೇರೆಯದೇ ದನಿಯಲ್ಲಿ, "ಕೈಲಾಗದವನು. ಕೈಲಾಗದವನು ನಾನು."

ಮೊದಲು ಊರನ್ನು ಬೈಯುವುದು, ಆಮೇಲೆ ತಮ್ಮನ್ನು ಬೈದುಕೊಳ್ಳುವುದು, ಮೂರನೆಯದಕ್ಕೆ ಕೈಯಲ್ಲಿದ್ದದ್ದು ಹಾರುವುದು. ಆ ಬೇಸಿಗೆಯಲ್ಲೂ ಇದೇ ಸಾಲು. ನಾನು ಪರದೆಯ ಹತ್ತಿರ ನಿಂತಿದ್ದೆ. ಅಲ್ಲಿಂದ ಬೀರುವಿನ ಪಕ್ಕದ ಚೀಲ ಕಾಣುತ್ತಿತ್ತು. ಹೋಗುವುದೇ ಆದರೆ ಬೊಚ್ಚಿ ಬರುವ ಮೊದಲೇ ಹೊರಟು ಅವಳನ್ನು ದಾರಿಯಲ್ಲೇ ಕರೆದುಕೊಳ್ಳಬೇಕು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ನನಗೆ ಹೋಗಲು ಇಷ್ಟವಿರಲಿಲ್ಲ. ಆ ಮನುಷ್ಯನನ್ನು ಬಿಟ್ಟು ಹೋಗಲು ನನಗೆ ಯಾವತ್ತೂ ಇಷ್ಟವಿರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬೊಚ್ಚಿ ಬಂದೇಬಿಟ್ಟಳು. ಶನಿವಾರ ಅರ್ಧ ದಿನದ ಶಾಲೆ, ಅವತ್ತು ರಿಲೇ ಓಟದ ಪಂದ್ಯ. ಬೆಳಿಗ್ಗೆ ಜಿಗಿಯುತ್ತಾ ಹೋದವಳು. ಈಗ ನಮ್ಮಿಬ್ಬರನ್ನೂ ನೋಡಲಿಲ್ಲ. ಚಪ್ಪಲಿ ಬಿಟ್ಟು ನೇರವಾಗಿ ಮೇಜಿನ ಕೆಳಗೆ, ಪ್ಲಾಸ್ಟರ್ ಮೂಟೆಗಳ ಸಂದಿಗೆ ನುಸುಳಿ ಗೋಡೆ ಕಡೆ ಮುಖ ಮಾಡಿ ಕೂತಳು.

"ಬೊಚ್ಚಿ, ಒಳಗೆ ಬಾ" ಎಂದೆ. ನನ್ನ ಕಣ್ಣು ಸುತ್ತಿಗೆಯ ಮೇಲೇ ಇತ್ತು. ಅವಳು ಅಲುಗಲಿಲ್ಲ.

ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆಗ ಆ ಸದ್ದು ಶುರುವಾಯಿತು. ಕಿರ್. ಕಿರ್. ಬಂತು, ಇನ್ನೇನು ಬಂತು ಎಂದು ನಮ್ಮವರ ಮುಖ ನೋಡಿದೆ.

ಅವರ ಬಾಯಿ ಅರ್ಧ ತೆರೆದಿತ್ತು.

ಸದ್ದು ನಿಂತಿರಲಿಲ್ಲ. ಮೇಜಿನ ಕೆಳಗಿನಿಂದ ಬರುತ್ತಿತ್ತು. ನಮ್ಮವರಿಗೂ ಕೇಳಿಸಿತ್ತು. ಇಬ್ಬರೂ ಬಗ್ಗಿ ನೋಡಿದೆವು. ಬೊಚ್ಚಿ ಮಂಡಿ ಅಪ್ಪಿ ಕೂತು, ಹಲ್ಲು ಕಡಿಯುತ್ತಾ ತನ್ನ ಬಲಗೈಯನ್ನು ನೆಲಕ್ಕೆ ಬಡಿಯುತ್ತಿದ್ದಳು. ಒಂದೊಂದು ಏಟಿಗೂ ಹಲ್ಲಿನ ಸಂದಿಯಿಂದ ಒಂದು ಮಾತು. "ಕೈಲಾಗದವಳೇ. ಕೈಲಾಗದವಳೇ."

ಮಾವನವರು ಅವಳು ಹುಟ್ಟುವ ಮೊದಲೇ ಹೋದವರು. ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳನ್ನು ಯಾರೂ ಹಾಗೆ ಬೈದಿರಲಿಲ್ಲ. ಪರದೆಯ ಆಚೆಯಿಂದ ಕೇಳಿಸಿಕೊಂಡೇ ಕಲಿತಿದ್ದಳು.

ನಮ್ಮವರು ಸುತ್ತಿಗೆಯನ್ನು ಮೇಜಿನ ಮೇಲಿಟ್ಟರು. ಹೋಳುಗಳನ್ನೂ ಇಟ್ಟರು. ನೆಲಕ್ಕೆ ಕೂತು, ತಲೆ ಬಗ್ಗಿಸಿ, ಮೂಟೆಗಳ ಸಂದಿಗೆ ಅರ್ಧ ನುಸುಳಿದರು.

"ಬಾಯಿ ತೆಗಿ" ಎಂದರು.

ಅವಳು ತೆಗೆದಳು. ಅವರು ಹೆಬ್ಬೆರಳಿನಿಂದ ಅವಳ ಮುಂದಿನ ಹಲ್ಲುಗಳ ಅಂಚನ್ನು ಮುಟ್ಟಿ ನೋಡಿದರು, ಡಾಕ್ಟರಮ್ಮ ಕಳಿಸುವ ಅಚ್ಚುಗಳ ಅಂಚು ಮುಟ್ಟಿ ನೋಡುವ ಹಾಗೆ. ಹೊಸ ಹಲ್ಲಿನ ಅಂಚಿನಲ್ಲಿ ಸಣ್ಣ ಸಣ್ಣ ಅಲೆ ಇರುತ್ತದೆ, ವರ್ಷ ಕಳೆದ ಹಾಗೆ ತಾನಾಗಿ ಸವೆಯುತ್ತದೆ. ಅಷ್ಟು ತಡವಾಗಿ ಬಂದ ಹಲ್ಲು. ಅಲೆ ಆಗಲೇ ಸವೆದು ನೆಟ್ಟಗಾಗಿತ್ತು.

"ಎಷ್ಟ್ ದಿನದಿಂದ ಮಾಡ್ತಿದ್ದೀಯ?"

"ಗೊತ್ತಿಲ್ಲ."

"ಏನಾಯ್ತು ಶಾಲೇಲಿ?"

"ಕೋಲು ಬೀಳಿಸ್ದೆ. ನಾವೇ ಮುಂದಿದ್ವಿ ಅಪ್ಪಾ. ನನ್ನ ಕೈಗೆ ಬಂತು, ಬಿದ್ದೋಯ್ತು. ಎಲ್ರೂ ಸೋತ್ರು. ನನ್ನಿಂದ." ಮತ್ತೆ ಕೈಯನ್ನು ನೆಲಕ್ಕೆ ಬಡಿಯಲು ಎತ್ತಿದಳು. ಅವರು ಅದನ್ನು ಗಾಳಿಯಲ್ಲೇ ಹಿಡಿದರು, ಆ ಅಂಗೈಯನ್ನು ಬಿಡಿಸಿ ತಮ್ಮ ಅಂಗೈಯ ಮೇಲೆ ಇಟ್ಟುಕೊಂಡರು. ಕೆಂಪಗೆ ಊದಿತ್ತು.

ಆಮೇಲೆ ಬಂದದ್ದು ಆ ಇನ್ನೊಂದು ದನಿ. "ಕೈ ಬೆವತಿತ್ತಾ?"

"ಹೂಂ."

"ಬೆವತ ಕೈಯಿಂದ ಜಾರುತ್ತೆ ಪುಟ್ಟಾ. ಅದನ್ನ ಬೈದ್ರೆ ಇನ್ನೂ ಬೆವರುತ್ತೆ, ಅಷ್ಟೇ. ಮುಂದಿನ ಸಲ ಕೈ ಒರೆಸ್ಕೊಂಡು ಹಿಡಿ. ಈಗ ಎಲ್ಲಾ ಬಿಸಿ ಇದೆ, ಈಗ ಅದನ್ನ ಬಿಚ್ಚಿ ನೋಡ್ಬೇಡ. ಆರಲಿ ಬಿಡು."

ಬೊಚ್ಚಿ ಮೂಗು ಒರೆಸಿಕೊಂಡಳು. ಅಪ್ಪನ ಮುಖವನ್ನೇ ನೋಡಿದಳು. "ನೀನ್ ಮಾತ್ರ ಬಿಡಲ್ಲ" ಎಂದಳು.

"ನಾನೇನ್ ಬಿಡಲ್ಲ?"

ಅವಳು ಹುಬ್ಬಿನ ಮೇಲಿನ ಬಿಳಿ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. "ನನ್ ಗಾಯ ಆರಿ ಎಷ್ಟೋ ದಿನ ಆಯ್ತು. ನಿಂದೇ ಇನ್ನೂ ಗೋಡೆ ಮೇಲಿದೆ."

ನಮ್ಮವರ ದವಡೆ ಮತ್ತೆ ಬಿಗಿಯಿತು. ನಾನು ಕಣ್ಣಾರೆ ಕಂಡೆ. ಒಂದು ಹೆಜ್ಜೆ ಮುಂದೆ ಬಂದು ಮಗಳಿಗೂ ಅವರಿಗೂ ನಡುವೆ ಕೈ ಚಾಚಿದೆ. ಅವರು ನನ್ನ ಕೈ ನೋಡಿದರು. ಹೆಂಡತಿ ತನ್ನಿಂದ ಮಗಳನ್ನು ಕಾಯಲು ಚಾಚಿದ ಕೈ ಎಂದು ಅವರಿಗೆ ಅರ್ಥವಾಯಿತು. ಅದಕ್ಕಿಂತ ದೊಡ್ಡ ಏಟು ಆ ದಿನ ಅವರಿಗೆ ಬೇರೆ ಬಿದ್ದಿರಲಾರದು. ತಲೆ ಕೆಳಗೆ ಹಾಕಿ ಹಾಗೇ ಕೂತರು. ಆಮೇಲೆ ಉಸಿರು ಬಿಟ್ಟರು. ದವಡೆ ಸಡಿಲವಾಯಿತು.

"ಬಿಸಿ ಇದ್ದಾಗ್ಲೇ ಬಿಚ್ದೆ ಕಣೇ" ಎಂದರು ನನಗೆ. "ನೀನು ಹೇಳಿದ್ದೆ. ಪುಡಿ ಚೆನ್ನಾಗೇ ಇತ್ತು. ನಂದೇ ತಪ್ಪು."

ಇದಾದ ಮೇಲೆ ಬರಬೇಕಾದ 'ಕೈಲಾಗದವನು' ಎಂಬ ಮಾತಿಗೆ ನಾನು ಕಾದೆ. ಬರಲಿಲ್ಲ. ತಪ್ಪು ಎಂದಷ್ಟೇ ಹೇಳಿ ಅವರು ಎದ್ದು ಕೈ ತೊಳೆದುಕೊಂಡರು.

ಅಲ್ಲಿಗೇ ಎಲ್ಲ ಸರಿಹೋಯಿತು ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಅಜ್ಜ ಬರುವ ಹೊತ್ತು ಹತ್ತಿರವಾಗುತ್ತಿತ್ತು. ಎರಡು ಹೋಳನ್ನೂ ಮೇಣದಿಂದ ಹಿಡಿಸಿ, ಹಿಂದೆ ಪ್ಲಾಸ್ಟರಿನ ಆಸರೆ ಕೊಟ್ಟು, ಸೀಳಿನ ಅಂಚು ತೀಡಿ, ಬೇಯಿಸದೆ ತಾನಾಗಿ ಗಟ್ಟಿಯಾಗುವ ಪುಡಿಯಿಂದ ಬೆಸೆಯಬೇಕು. ಮೊದಲ ಸಲ ಹೋಳುಗಳು ಜಾರಿ ಸಂದಿ ಬಿಟ್ಟಿತು. ನಮ್ಮವರ ಮುಷ್ಟಿ ಮೇಜಿಗೆ ಬಿತ್ತು. ಪುಡಿ ಎದ್ದು ಹಾರಿತು. ಬೊಚ್ಚಿ ಬೆಚ್ಚಿಬಿದ್ದು ಹುಬ್ಬಿಗೆ ಕೈ ಅಡ್ಡ ಹಿಡಿದಳು.

ಅವರು ಅದನ್ನು ನೋಡಿದರು. ಮುಷ್ಟಿಯನ್ನು ಮೇಜಿನ ಮೇಲೇ ಬಿಟ್ಟು ಒಂದೊಂದೇ ಬೆರಳು ಬಿಡಿಸಿದರು. "ಆರಲಿ" ಎಂದರು, ಯಾರಿಗೆ ಎಂದು ಹೇಳಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಹಿಂದೆ ಹಾಗೆ ಎದ್ದು ಹೋದರೆ ಹೊರಗಿನಿಂದಲೂ ಹಲ್ಲಿನ ಸದ್ದು ಕೇಳಿಸುತ್ತಿತ್ತು. ನಾನು ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಬೀದಿಯಲ್ಲಿ ಸೈಕಲ್ ಗಂಟೆ, ಎದುರುಮನೆಯ ರೇಡಿಯೋ, ಅಷ್ಟೇ. ವಾಪಸ್ಸು ಬಂದು ಮೇಣವನ್ನು ಮತ್ತೆ ಕಾಯಿಸಿದರು. ಮಧ್ಯದಲ್ಲಿ ನಾನು ತಟ್ಟೆ ತಂದು ಪಕ್ಕದಲ್ಲಿಟ್ಟೆ. ಬೇಡ ಎನ್ನಲಿಲ್ಲ. ಕೆಲಸ ಕೆಟ್ಟ ದಿನ ಅವರು ಊಟ ಮಾಡಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ, ನನಗೆ ಅಳು ಬಂತು. ಒಲೆಯ ಹತ್ತಿರ ಹೋಗಿ ಅತ್ತು ಬಂದೆ.

ಬೆಸುಗೆ ಗಟ್ಟಿಯಾಗಿ, ಪಾಲಿಶ್ ಮುಗಿಯುವಷ್ಟರಲ್ಲಿ ಅನೌನ್ಸರ್ ಅಜ್ಜ ಗರಿಗರಿ ಬಟ್ಟೆಯಲ್ಲಿ ಬಾಗಿಲಲ್ಲಿ ನಿಂತಿದ್ದರು. ಇದೇ ಕಷ್ಟದ ಗಳಿಗೆ. ಹಿಂದೆ ಒಬ್ಬ ಡಾಕ್ಟರು ಒಂದು ತಪ್ಪು ಎತ್ತಿ ತೋರಿಸಿದ್ದಕ್ಕೆ ನಮ್ಮವರು "ಹಂಗಾದ್ರೆ ಬೇರೆ ಕಡೆ ಮಾಡಿಸ್ಕೊಳ್ಳಿ" ಎಂದು ಫೋನು ಕುಕ್ಕಿದ್ದರು. ಅವರ ಕೆಲಸ ಆಮೇಲೆ ನಮಗೆ ಬರಲೇ ಇಲ್ಲ.

"ಅಜ್ಜಾ, ಕೂತ್ಕೊಳ್ಳಿ. ಮೊದ್ಲು ಒಂದು ಮಾತು" ಎಂದರು ನಮ್ಮವರು. "ಅವಸರ ಮಾಡಿ ಬಿಸೀಲಿ ಬಿಚ್ಚಿದೆ. ಸೆಟ್ಟು ಎರಡಾಯ್ತು. ಜೋಡಿಸಿದ್ದೀನಿ. ಇವತ್ತಿಗೆ ನಿಲ್ಲುತ್ತೆ. ಆದ್ರೆ ಇದು ಹೊಸದಲ್ಲ, ಜೋಡಿಸಿದ್ದು. ಮದುವೆ ಗಲಾಟೆ ಮುಗೀಲಿ, ಇನ್ನೊಂದು ಮಾಡ್ಕೊಡ್ತೀನಿ."

ಅಜ್ಜನ ಮುಖ ಕೆಂಪಾಯಿತು. "ಒಡೆದ ಹೆಟ್ಟು ಹಾಕ್ಕೊಂಡು ಮದುವೆಗೆ ಹೋಗ್ಲಾ? ಹಭೇಲಿ ಬಿದ್ದೋದ್ರೆ? ನಿಮ್ಮನ್ನ ನಂಬಿ ಕೆಟ್ಟೆ!"

ಬೊಚ್ಚಿ ನನ್ನ ಸೆರಗು ಹಿಡಿದುಕೊಂಡಳು. ನಮ್ಮವರ ಕೈ ಮೇಜಿನ ಅಂಚನ್ನು ಹಿಡಿಯಿತು.

"ಸಿಟ್ಟು ಬರೋದು ಸರಿ ಅಜ್ಜಾ" ಎಂದರು. ದನಿ ಏರಲಿಲ್ಲ. "ತಪ್ಪು ನಂದು. ಒಂದ್ಸಲ ಹಾಕಿ ನೋಡಿ. ಅಲ್ಲಾಡಿದ್ರೆ ನಾನೇ ನಿಮ್ಮ ಜೊತೆ ಸಭೆಗೆ ಬರ್ತೀನಿ, ಪಕ್ಕದಲ್ಲೇ ನಿಂತಿರ್ತೀನಿ."

ಅಜ್ಜ ಗೊಣಗುತ್ತಲೇ ಬಾಯಿ ತೆರೆದರು. ನಮ್ಮವರು ಸೆಟ್ಟು ಕೂರಿಸಿ, ಕಚ್ಚಿಸಿ, ತೆಗೆದು ಒಂದು ಕಡೆ ತೀಡಿ, ಮತ್ತೆ ಕೂರಿಸಿದರು. ಕನ್ನಡಿ ಹಿಡಿದರು. ಅಜ್ಜ ತುಟಿ ಅರಳಿಸಿ, ಮುದುಡಿ, ನಾಲಿಗೆಯಿಂದ ಸೀಳಿದ್ದ ಜಾಗ ಹುಡುಕಿ ನೋಡಿಕೊಂಡರು.

"ಅಜ್ಜಾ, ಹೇಳಿ. ಸುಖ ಸಂಸಾರ" ಎಂದಳು ಬೊಚ್ಚಿ.

ಅಜ್ಜ ಗಂಟಲು ಸರಿಮಾಡಿಕೊಂಡರು. ಆಮೇಲೆ ಬಂದದ್ದು ಊರೆಲ್ಲ ಕೇಳಿ ಬೆಳೆದ ನಿಲ್ದಾಣದ ದನಿ. "ಪ್ರಯಾಣಿಕರ ಗಮನಕ್ಕೆ. ಸುಖ ಸಂಸಾರ ಇನ್ನು ಸ್ವಲ್ಪವೇ ಸಮಯದಲ್ಲಿ ಹೊರಡಲಿದೆ." ಒಂದೊಂದು 'ಸ'ವೂ ಗಾಜಿನ ಲೋಟ ತಟ್ಟಿದ ಹಾಗೆ ಬಂತು. ಬೊಚ್ಚಿ ಚಪ್ಪಾಳೆ ಹೊಡೆದಳು. ಅಜ್ಜ ನಗಲಿಲ್ಲ. ಸಿಟ್ಟು ಅವರಿಗೆ ಇನ್ನೂ ಇತ್ತು. ಬಾಗಿಲಲ್ಲಿ ತಿರುಗಿ ನಿಂತು, "ಹೊಸದು ಮಾಡ್ಬೇಕು, ಮರೀಬೇಡಿ. ಆಗ ಅವಸರ ಮಾಡ್ಬೇಡಿ" ಎಂದು ಹೇಳಿ ಹೋದರು.

ಸಂಜೆ ನಮ್ಮವರು ಪ್ಲಾಸ್ಟರ್ ಕೆತ್ತುವ ಚಾಕು ಹಿಡಿದು ಗೋಡೆಯ ಮುಂದೆ ಕೂತರು. ಬೊಚ್ಚಿ ಕೆಳಗೆ ಹಳೆಯ ಪೇಪರು ಹಿಡಿದಳು. ಕಲೆ ಒಂದೊಂದೇ ಚಕ್ಕೆಯಾಗಿ ಉದುರತೊಡಗಿತು. ಕೆಳಗಿನ ಸುಣ್ಣವೂ ಅಷ್ಟು ಎದ್ದುಬಂದು ಗೋಡೆ ಇನ್ನೂ ವಿಕಾರವಾಯಿತು. ಅಪ್ಪ ಮಗಳು ಅದಕ್ಕೂ ನಕ್ಕರು.

ಆ ನಗು 'ಆಯಿತು, ಮುಗಿಯಿತು' ಎನ್ನುವ ಹಾಗಿತ್ತು. ನಾನು ಒಳಗೆ ಹೋಗಿ ಬೀರುವಿನ ಪಕ್ಕದಿಂದ ಚೀಲ ಎಳೆದು ಜಿಪ್ಪಿಗೆ ಕೈ ಹಾಕಿದೆ. ತಲೆ ಎತ್ತಿದರೆ ನಮ್ಮವರು ಬಾಗಿಲಲ್ಲಿ ನಿಂತಿದ್ದರು. ಕೂದಲ ತುಂಬ ಬಿಳಿ ಪುಡಿ.

"ಅದನ್ನ ಈಗ್ಲೇ ಬಿಚ್ಬೇಡ" ಎಂದರು.

"ಯಾಕೆ?"

"ಇವತ್ತು ಒಂದಿನ ಎಸೀಲಿಲ್ಲ, ಅಷ್ಟೇ. ಇನ್ನೂ ಬಿಸಿ ಇದೆ ಕಣೇ." ಕೈಯಲ್ಲಿದ್ದ ಚಾಕುವನ್ನು ಒಂದು ಸಲ ನೋಡಿಕೊಂಡರು. "ಆರಲಿ ಬಿಡು."

ನಾನು ಚೀಲವನ್ನು ಮೊದಲಿದ್ದ ಜಾಗಕ್ಕೇ ತಳ್ಳಿದೆ. ಮದುವೆಯಾದಾಗಿನಿಂದ ಅವರು ಕೊಟ್ಟ ಮಾತುಗಳಲ್ಲಿ ನಾನು ಪೂರ್ತಿಯಾಗಿ ನಂಬಿದ್ದು ಅದೊಂದನ್ನೇ.